ಹುಲಿಯನಿಗೆ ಒಡೆಯನಿಲ್ಲ

ಕರೇಕಲ್ಲಿನ ಕದರಪ್ಪನ ಬಾಯಿ ಕದರಪ್ಪನದಾಗಿರಲಿಲ್ಲ. ಅದು ಪಟೇಲರದು. ಅವನ ಅಪ್ಪನ ಕಾಲದಿಂದಲೂ ಹಾಗೇ. ತೋಟಿಯ ಕೆಲಸವೆಂದರೆ ಅದೇ. ಪಟೇಲರು ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದ್ದನ್ನು ಅವನು ಬೀದಿಯಲ್ಲಿ ನಿಂತು, ತಮಟೆ ಬಡಿದು, ಗಟ್ಟಿಯಾಗಿ ಹೇಳಬೇಕು. ಕಂದಾಯ ಕಟ್ಟಿ. ನಾಳೆ ಕೆರೆಯ ತೂಬು ಎತ್ತುತ್ತಾರೆ. ಕೆಂದು ಬಣ್ಣದ ಕರು ತಪ್ಪಿಸಿಕೊಂಡಿದೆ, ಕಂಡವರು ತಂದು ಕಟ್ಟಿ. ಊರೆಲ್ಲ ಅವನ ದನಿ ಕೇಳಿತ್ತು. ಅವನ ಮಾತನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲೂ ಅವನದು ಮಾತು ಕಮ್ಮಿ. ಅವನ ಪಾಲಿನದನ್ನೂ ಹೆಂಡತಿ ಸಣ್ಣೀರಮ್ಮನೇ ಆಡಿಬಿಡುತ್ತಿದ್ದಳು.

ಊರು ಮಿಡಿಗೇಶಿಯ ಕಡೆ, ಬಂಡೆಗುಡ್ಡವೊಂದರ ಬುಡದಲ್ಲಿ. ಗುಡ್ಡದ ನೆತ್ತಿಯಲ್ಲಿ ಮುರಿದ ಕೋಟೆ. ಊರಿನಿಂದ ಅಷ್ಟು ದೂರಕ್ಕೆ ಕದರಪ್ಪನವರ ಹಟ್ಟಿ, ಊರವರು ಮುಟ್ಟದವರ ಕೇರಿ. ಹಟ್ಟಿಯ ಹೆಂಗಸರು ಬೆಳಗಾದರೆ ಗುಡ್ಡ ಹತ್ತುತ್ತಿದ್ದರು. ಸೌದೆ, ಹುಲ್ಲು, ಕಾಲ ಬಂದಾಗ ಸೀತಾಫಲ. ಅದನ್ನು ತಲೆಯ ಮೇಲೆ ಹೊತ್ತು ಗುಡ್ಡದ ಆ ಬದಿಗೆ ಇಳಿದರೆ ಮಧುಗಿರಿ ಬಸ್ಸು ನಿಲ್ಲುವ ರಸ್ತೆ. ಹತ್ತಲು ಇದ್ದದ್ದು ಒಂದೇ ಕಾಲುದಾರಿ. ಅದು ಪಟೇಲ ಶಂಕರಲಿಂಗಪ್ಪನವರ ಹುಣಸೆತೋಪಿನ ಗೋಡೆಗೆ ಒರಸಿಕೊಂಡು ಹೋಗುತ್ತಿತ್ತು. ದಾರಿ ಪಟೇಲರದಲ್ಲ. ಗುಡ್ಡವೂ ಅವರದಲ್ಲ. ನಾಯಿ ಅವರದು. ಅದನ್ನು ಅವರ ಬಾಯಿಂದ ಹೇಳಿಸುವುದಕ್ಕೇ ಇಷ್ಟೆಲ್ಲ ನಡೆಯಬೇಕಾಯಿತು.

ನಾಯಿಯ ಹೆಸರು ಹುಲಿಯ. ತಾವರೆಕೆರೆ ಕಡೆಯ ಕುರಿಹಟ್ಟಿಯಿಂದ ಮರಿಯಾಗಿದ್ದಾಗಲೇ ತರಿಸಿದ್ದು. ಕರಿ ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಕತ್ತರಿಸಿದ ಕಿವಿ. ಪಟೇಲರದು ಲಿಂಗಪೂಜೆಯ ಮನೆ. ಮಾಂಸದ ಹೆಸರು ಎತ್ತುವಂತಿಲ್ಲ. ಹುಲಿಯ ಬೆಳೆದದ್ದು ಮುದ್ದೆ, ಮಜ್ಜಿಗೆಯಲ್ಲೇ. ಹಬ್ಬಕ್ಕೆ ಹೋಳಿಗೆ. ಹೋಳಿಗೆ ತಿಂದ ನಾಯಿ ಸುತ್ತಮುತ್ತಲಿಗೆ ಅದೊಂದೇ. ಅದರ ಸಿಟ್ಟಿಗೆಲ್ಲ ಆ ಹೋಳಿಗೆಯೇ ಕಾರಣ ಅಂತ ಹಟ್ಟಿಯವರ ನಂಬಿಕೆ.

ಅದನ್ನು ಯಾವತ್ತೂ ಕಟ್ಟಿದವರಿಲ್ಲ. ಅದು ಕೈಬೀಸಿಕೊಂಡು ಹೋಗುವವರ ತಂಟೆಗೆ ಹೋಗುತ್ತಿರಲಿಲ್ಲ. ಹೊರೆ ಹೊತ್ತವರನ್ನೇ ಹಿಡಿಯುತ್ತಿತ್ತು. ತಲೆಯ ಮೇಲೆ ಹೊರೆ ಇದ್ದವರ ಎರಡು ಕೈಯೂ ಮೇಲೆ. ಕಲ್ಲೆತ್ತಲು ಕೈ ಇಲ್ಲ. ಬಗ್ಗುವ ಹಾಗಿಲ್ಲ. ಓಡುವ ಹಾಗಿಲ್ಲ. ನಾಯಿಗೆ ಇದು ಗೊತ್ತಿತ್ತು. ಹಟ್ಟಿಯಲ್ಲಿ ಹಲ್ಲಿನ ಗುರುತಿಲ್ಲದ ಮೀನಖಂಡ ಹುಡುಕುವುದು ಕಷ್ಟವಾಗಿತ್ತು.

ಆ ದಿನ ಸಣ್ಣೀರಮ್ಮ ಸೀತಾಫಲದ ಬುಟ್ಟಿ ಹೊತ್ತಿದ್ದಳು. ಹುಲಿಯ ಗೋಡೆ ಹಾರಿ ಬಂತು. ಬೊಗಳಲಿಲ್ಲ. ಎಡಗಾಲಿಗೆ ಬಾಯಿ ಹಾಕಿ ಜಗ್ಗಿತು. ಬುಟ್ಟಿ ಬಿಟ್ಟರೆ ಹಣ್ಣು ಹೋಗುತ್ತದೆ. ಹಿಡಿದುಕೊಂಡರೆ ಕಾಲು ಹೋಗುತ್ತದೆ. ಅವಳು ಬುಟ್ಟಿ ಹಿಡಿದುಕೊಂಡಳು. ಆಮೇಲೆ ಬಿದ್ದಳು. ಹಣ್ಣೂ ಹೋಯಿತು.

ತೋಪಿನ ಕಲ್ಲುಹಾಸಿನ ಮೇಲೆ ಪಟೇಲರು ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ಆಮೇಲೆ ಕರೆದರು.

"ಹುಲಿಯಾ, ಬುಡು. ಬಾ ಇಲ್ಲಿ."

ನಾಯಿ ಬಿಟ್ಟು, ಬಾಲ ಆಡಿಸುತ್ತಾ ಅವರ ಹತ್ತಿರ ಹೋಯಿತು.

ಕದರಪ್ಪ ಹೆಂಡತಿಯ ಗಾಯಕ್ಕೆ ಮೆಣಸಿನಕಾಯಿ ಅರೆದು ತುಂಬಿದ. ಅವಳು ನಾಯಿಯನ್ನೂ, ಪಟೇಲರನ್ನೂ, ಮೆಣಸಿನಕಾಯನ್ನೂ, ಕದರಪ್ಪನನ್ನೂ ಬೈದಳು. ಮಾರನೆಯ ದಿನ ಬಸ್ಸಿನಲ್ಲಿ ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಕಾಂಪೌಂಡರು ಗಾಯ ನೋಡಿ ಕೇಳಿದರು.

"ನಾಯಿ ಯಾರದು?"

ಕದರಪ್ಪ ಹೆಂಡತಿಯ ಮುಖ ನೋಡಿದ.

"ಪಟೇಲರ್ದು," ಅಂದಳು ಸಣ್ಣೀರಮ್ಮ.

"ಹಂಗಾದ್ರೆ ಒಳ್ಳೇದಾಯ್ತು. ಹತ್ತು ದಿನ ಕಟ್ಟಿ ಹಾಕಿ ನೋಡ್ಕೊಳ್ಳೋಕೆ ಹೇಳಿ. ಹುಚ್ಚು ನಾಯಾದ್ರೆ ಅಷ್ಟರೊಳಗೆ ಸತ್ತುಹೋಗುತ್ತೆ. ಸತ್ರೆ ತಕ್ಷಣ ಓಡಿ ಬನ್ನಿ, ಹೊಕ್ಕುಳ ಸುತ್ತ ಸೂಜಿ ಹಾಕಿಸ್ಕೋಬೇಕು. ಬದುಕಿದ್ರೆ ನೀನೂ ಬದುಕಿದ ಹಾಗೆ ಕಣಮ್ಮ."

ಊರಿಗೆ ಬಂದವರು ನೇರ ಕಟ್ಟೆಗೆ ಹೋದರು. ಕಟ್ಟೆಯ ಮೇಲೆ ಪಟೇಲರು, ಊರಿನ ನಾಲ್ಕು ಜನ. ಕೆಳಗೆ, ಮಾರು ದೂರದಲ್ಲಿ, ಇವರಿಬ್ಬರು.

"ಬುದ್ಧಿ, ಇವಳಿಗೆ ನಾಯಿ ಕಚ್ಚೈತೆ," ಅಂದ ಕದರಪ್ಪ.

"ನಾಯಿ ಕಚ್ದೆ ಇನ್ನೇನ್ಲಾ, ಮುತ್ತು ಕೊಡ್ತದಾ?"

ಕಟ್ಟೆ ನಕ್ಕಿತು. ಕದರಪ್ಪ ನಗು ಮುಗಿಯುವವರೆಗೆ ಕಾದ. ಕಾಂಪೌಂಡರು ಹೇಳಿದ್ದನ್ನು ಒಪ್ಪಿಸಿದ. ಹತ್ತು ದಿನ ಕಟ್ಟಿಸಿದರೆ ಸಾಕು ಅಂದ.

"ಕಟ್ಟೋದೊಂದೇ ಅಲ್ಲ," ಅಂದಳು ಹಿಂದಿನಿಂದ ಸಣ್ಣೀರಮ್ಮ. "ಎತ್ತು ಹಾಯ್ದ್ರೆ ಎತ್ತಿನೋರೇ ಬಂದು ಗಾಯ ತೊಳೀಬೇಕು ಅಂತ ಕಾರ್ತೀಕದಾಗೆ ನೀವೇ ಅಂದ್ರಿ ಬುದ್ಧಿ. ನಾಯಿಗೂ ಅದೇ ಅಲ್ವಾ?"

ಅದು ಕರೇಕಲ್ಲಿನ ಹಳೆಯ ಪದ್ಧತಿ. ಯಾರ ದನ ಯಾರಿಗೆ ಹಾಯ್ದರೂ ಒಡೆಯನೇ ಊರ ಮುಂದೆ, ತನ್ನ ಕೈಯಾರೆ, ಬಿಸಿನೀರಲ್ಲಿ ಗಾಯ ತೊಳೆದು ಅರಿಸಿನ ಹಚ್ಚಬೇಕು. ಹಿಂದಿನ ಕಾರ್ತೀಕದಲ್ಲಿ ಚಿಕ್ಕರಂಗಯ್ಯನ ಎತ್ತು ಪಟೇಲರ ತಮ್ಮನಿಗೆ ಹಾಯ್ದಿತ್ತು. ಚಿಕ್ಕರಂಗಯ್ಯ ಇದೇ ಕಟ್ಟೆಯ ಮುಂದೆ ಮಂಡಿಯೂರಿ ಪಟೇಲರ ತಮ್ಮನ ತೊಡೆ ತೊಳೆದಿದ್ದ. "ಇನ್ನೂ ಉಜ್ಜಯ್ಯ," ಅಂತ ಪಟೇಲರು ಎರಡು ಸಲ ಹೇಳಿದ್ದರು.

ಈಗ ಎಲ್ಲರೂ ಸಣ್ಣೀರಮ್ಮನ ಕಾಲು ನೋಡಿದರು. ಮಣ್ಣು ಮೆತ್ತಿದ ಕಾಲು. ಬಟ್ಟೆ ಸುತ್ತಿದ್ದ ಕಾಲು. ಆಮೇಲೆ ಪಟೇಲರ ಕೈ ನೋಡಿದರು. ಆ ಕೈ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಹಿಡಿದುಕೊಂಡಿತ್ತು. ಬೆಳಗ್ಗೆ ಲಿಂಗಪೂಜೆ ಮಾಡಿದ ಕೈ.

"ಅದು ನನ್ ನಾಯಿ ಅಂತ ನಿಂಗ್ಯಾರೇ ಹೇಳಿದ್ದು?" ಅಂದರು ಪಟೇಲರು.

"ನಿಮ್ಮ ತೋಪಿನಾಗೆ ಇರ್ತೈತಲ್ಲ ಬುದ್ಧಿ."

"ತೋಪಿನಾಗೆ ಕಾಗೇನೂ ಇರ್ತವೆ. ಕಾಗೆ ನಿನ್ನ ತಲೆ ಮೇಲೆ ಹೇತ್ರೆ ನಾನು ಬಂದು ತೊಳೀಬೇಕೇನೇ?"

ಕಟ್ಟೆ ಮತ್ತೆ ನಕ್ಕಿತು. ಚಿಕ್ಕರಂಗಯ್ಯನೊಬ್ಬ ನಗಲಿಲ್ಲ. ಅವನು ತನ್ನ ಕೈ ನೋಡಿಕೊಳ್ಳುತ್ತಿದ್ದ.

ನಗು ಪಟೇಲರಿಗೆ ಹುಮ್ಮಸ್ಸು ತಂದಿತು. "ಲೇ ಕದರ, ತಮಟೆ ತಗೊ. ಗುಡ್ಡದ ದಾರೀಲಿರೋ ಕರಿ ನಾಯಿಗೆ ಒಡೆಯ ಇಲ್ಲ. ಅದು ಯಾರ್ದೂ ಅಲ್ಲ. ಕಚ್ಚಿಸ್ಕೊಂಡೋರು ಅವರವರ ಹಣೇಬರಹ. ಮೂರು ಸಲ ಸಾರು. ಹಟ್ಟೀಲಿ ಸ್ವಲ್ಪ ಗಟ್ಟಿಯಾಗೇ ಸಾರು."

ಕದರಪ್ಪ ಸಾರಿದ. ಮೇಲಿನ ಬೀದಿಯಲ್ಲಿ ಸಾರಿದ. ಕೆಳಗಿನ ಬೀದಿಯಲ್ಲಿ ಸಾರಿದ. ಹಟ್ಟಿಗೆ ಬಂದು ತನ್ನ ಗುಡಿಸಿಲ ಮುಂದೆಯೇ ನಿಂತು ಸಾರಿದ. "ಕೇಳ್ರಪ್ಪೋ ಕೇಳ್ರಿ. ಕರಿ ನಾಯಿಗೆ ಒಡೆಯ ಇಲ್ಲ." ಸಣ್ಣೀರಮ್ಮ ಹೊಸ್ತಿಲ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು.

"ಚೆನ್ನಾಗಿ ಸಾರ್ದೆ," ಅಂದಳು. "ಇನ್ನೊಂದ್ಸಲ ಸಾರು. ಕಾಲಿಗೆ ಸರಿಯಾಗಿ ಕೇಳಿಸ್ಲಿಲ್ಲವಂತೆ."

ಕದರಪ್ಪ ತಮಟೆಯನ್ನು ಗೋಡೆಗೆ ಒರಗಿಸಿದ. ಎಷ್ಟೋ ಸಾರಿದ್ದ. ಸುಳ್ಳೂ ಸಾರಿದ್ದ. ಆದರೆ ಯಾವತ್ತೂ ಬಾಯಿ ಹೀಗೆ ಕಹಿಯಾಗಿರಲಿಲ್ಲ. ಹಟ್ಟಿಯಿಂದ ಹೊರಗೆ ನಡೆದ.

ಊರಿಗೂ ಹಟ್ಟಿಗೂ ನಡುವಿನ ಬೇವಿನ ಮರದ ಕೆಳಗೆ ಸಿರಾದ ಬಾಷಾ ಸಾಬ್ ಬೆಂಕಿ ಊದುವ ತಿದಿ ಹೂಡಿಕೊಂಡು ಕೂತಿದ್ದ. ಪಾತ್ರೆಗೆ ಕಲಾಯಿ ಹಾಕುವವನು. ಊರಿಂದೂರಿಗೆ ಹೋಗುವವನಾದ್ದರಿಂದ ಯಾರ ಹೆದರಿಕೆಯೂ ಇಲ್ಲ. ಕದರಪ್ಪ ಅವನ ಎದುರು ಸುಮ್ಮನೆ ಕುಕ್ಕರಗಾಲಲ್ಲಿ ಕೂತ.

"ಕ್ಯಾ ಕದರಪ್ಪ, ಏನೋ ಸಾರ್ತಿದ್ದೆ. ಆ ನಾಯಿಗೆ ಮಾಲಿಕ್ ಇಲ್ವಂತೆ?"

"ಇಲ್ವಂತೆ."

"ಪಟೇಲ್ ಸಾಬ್‌ರೇ ಹೇಳಿದ್ರಾ?"

"ಅವ್ರೇ."

ಬಾಷಾ ಸಾಬ್ ಬಿಂದಿಗೆಯೊಳಗೆ ನವಸಾಗರ ಉದುರಿಸಿ ಉಜ್ಜಿದ. ಹೊಗೆ ಎದ್ದಿತು. "ಈ ಊರಲ್ಲಿ ಮಾಲಿಕ್ ಇಲ್ದಿರೋ ದನ ಸಿಕ್ರೆ ಏನ್ ಮಾಡ್ತೀರಿ?"

"ಕಟ್ಟಿ ಹಾಕಿ ಸಾರ್ತೀವಿ. ಯಾರೂ ಬರ್ಲಿಲ್ಲ ಅಂದ್ರೆ ಕಟ್ಟಿದೋರ್ದೇ."

"ಅಚ್ಛಾ," ಅಂದ ಬಾಷಾ ಸಾಬ್. "ನಾನು ಕಲಾಯಿ ಹಾಕೋನು. ನಂಗೆ ಇವೆಲ್ಲ ಏನ್ ಗೊತ್ತಾಗ್ತದೆ." ಬಿಂದಿಗೆಯೊಳಗೆ ಇಣುಕಿ ನೋಡಿ ತನ್ನಷ್ಟಕ್ಕೆ ನಕ್ಕ.

ಕದರಪ್ಪ ಎದ್ದು ಹಗ್ಗ ಹುಡುಕಲು ಹೋದ.

ಆ ವಾರ ಊರಲ್ಲಿ ಎತ್ತೊಂದು ಸತ್ತಿತ್ತು. ಸತ್ತ ದನ ಎಳೆಯುವುದು ಹಟ್ಟಿಯ ಕೆಲಸ. ಮಾಂಸ ಹಟ್ಟಿಯ ಪಾಲು. ಕದರಪ್ಪ ಮಾಂಸ ಮೆತ್ತಿದ ದಪ್ಪ ಎಲುಬೊಂದನ್ನು ಹಿಡಿದುಕೊಂಡು ತೋಪಿನ ಗೋಡೆಯ ಹತ್ತಿರ ಹೋದ. ಹುಲಿಯ ಗೋಡೆ ಹಾರಿ ಬಂತು. ಬಂದದ್ದು ಅರ್ಧದಲ್ಲೇ ನಿಂತಿತು. ಮೂಗು ಮೇಲೆತ್ತಿತು. ಹುಟ್ಟಿದಾಗಿನಿಂದ ಮಜ್ಜಿಗೆ ಕುಡಿದ ಪ್ರಾಣಿ. ಅದರ ಮುಖ ನೋಡಿ ಕದರಪ್ಪನಿಗೆ ಪಾಪ ಅನ್ನಿಸಿತು. ಎಲುಬು ಕೊಟ್ಟ. ಅದು ತಿನ್ನುತ್ತಿರುವಾಗ ಕುತ್ತಿಗೆಗೆ ಹಗ್ಗ ಹಾಕಿದ. ಅದು ತಲೆ ಎತ್ತಿಯೂ ನೋಡಲಿಲ್ಲ.

ಹಟ್ಟಿಗೆ ಹೋಗಲು ಹೊಲದ ದಾರಿ ಇತ್ತು. ಅವನು ಊರ ನಡುವಿನ ಬೀದಿಯಲ್ಲೇ ಬಂದ. ಆ ಬೀದಿಯಲ್ಲಿ ಅವನು ಅಷ್ಟು ನಿಧಾನವಾಗಿ ನಡೆದದ್ದು ಅದೇ ಮೊದಲು. ಬಾಯಲ್ಲಿ ಎಲುಬು ಕಚ್ಚಿಕೊಂಡು ಹುಲಿಯ ಹಿಂದೆ ಬಂತು. ಅದನ್ನು ಹಟ್ಟಿಯಲ್ಲಿ ಕಟ್ಟಿ, ತಮಟೆ ತೆಗೆದುಕೊಂಡು ಮತ್ತೆ ಬೀದಿಗೆ ಬಂದ. ತಪ್ಪಿಸಿಕೊಂಡ ಪ್ರಾಣಿ ಸಿಕ್ಕರೆ ಸಾರುವುದಕ್ಕೆ ಪಟೇಲರ ಅಪ್ಪಣೆ ಬೇಕಿಲ್ಲ. ಅದು ತೋಟಿಯ ಕೆಲಸ. ಪಟೇಲರ ಮನೆಯ ಮುಂದೆ ನಿಂತು ಬಡಿದ.

"ಕೇಳ್ರಪ್ಪೋ ಕೇಳ್ರಿ. ಒಡೆಯ ಇಲ್ದಿರೋ ನಾಯಿ ಸಿಕ್ಕೈತೆ. ಕರೀದು. ಎದೇಲಿ ಬಿಳಿ ಮಚ್ಚೆ. ಕಿವಿ ಕತ್ತರ್ಸೈತೆ. ಯಾರ್ದಾದ್ರೂ ಆಗಿದ್ರೆ ಬಂದು ನಂದು ಅನ್ನಿ. ಗಾಯ ತೊಳ್ದು ಹಿಡ್ಕೊಂಡು ಹೋಗಿ."

ಒಳಗೆ ತೂಗುಮಣೆಯ ಸರಪಳಿ ಕಿರುಗುಟ್ಟುತ್ತಿತ್ತು. ಅದು ನಿಂತಿತು. ಕದರಪ್ಪ ಕಾದ. ಬಾಗಿಲಲ್ಲಿ ಯಾರೂ ಕಾಣಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸರಪಳಿ ಮತ್ತೆ ಕಿರುಗುಟ್ಟತೊಡಗಿತು. ಇನ್ನೆರಡು ಸಲ ಸಾರಿ ಅವನು ಹಟ್ಟಿಗೆ ಮರಳಿದ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಸಣ್ಣೀರಮ್ಮ ಬೆಳಗ್ಗೆ ಎದ್ದವಳು ಸೂರ್ಯನಿಗಿಂತ ಮೊದಲು ನಾಯಿಯ ಮುಖ ನೋಡುತ್ತಿದ್ದಳು. ತನ್ನ ಕಾಲು ಕಿತ್ತ ನಾಯಿಗೆ ತಾನೇ ಕುಂಟಿಕೊಂಡು ಹೋಗಿ ಅನ್ನ ಇಡುತ್ತಿದ್ದಳು.

"ತಿನ್ನು, ಹಲ್ಕಾ ನನ್ಮಗನೆ. ನೀನು ಸತ್ರೆ ನಂಗೂ ಗುಂಡಿ ತೋಡ್ತಾರೆ. ನೀರು ಕುಡಿ. ನೀರಿಗೆ ಹೆದ್ರುತಾ ಐತಾ ನೋಡು ಮಾರಾಯ."

"ಕುಡೀತಾ ಐತೆ," ಅನ್ನುತ್ತಿದ್ದ ಕದರಪ್ಪ.

ಒಂದು ಬೆಳಗ್ಗೆ ನಾಯಿ ಏಳಲಿಲ್ಲ. ತಿನ್ನಲಿಲ್ಲ. ನಾಲಿಗೆ ಚಾಚಿಕೊಂಡು ಬಿದ್ದಿತ್ತು. ಸಣ್ಣೀರಮ್ಮ ಮೊದಲ ಸಲ ಮಾತು ನಿಲ್ಲಿಸಿದಳು. ಇಡೀ ದಿನ ಗೋಡೆಗೆ ಒರಗಿ ಕೂತಳು. ಅವಳ ಮೌನ ಕದರಪ್ಪನಿಗೆ ತಡೆಯಲಾಗಲಿಲ್ಲ. ಅವನು ನಾಯಿಯ ಪಕ್ಕದಲ್ಲಿ ಕೂತು ಅದರ ಹೊಟ್ಟೆ ಏರಿಳಿಯುವುದನ್ನೇ ನೋಡಿದ. ಸಂಜೆಗೆ ಹುಲಿಯ ಎದ್ದು, ಮೈ ಮುರಿದು, ಊರಿಗೇ ಕೇಳುವ ಹಾಗೆ ತೇಗಿತು. ಹಿಂದಿನ ದಿನ ಪಕ್ಕದ ಗುಡಿಸಿಲವರು ಹಾಕಿದ ಕರುಳು ಹೆಚ್ಚಾಗಿತ್ತು. ಅಷ್ಟೆ. ಸಣ್ಣೀರಮ್ಮ ಪೊರಕೆ ತೆಗೆದುಕೊಂಡು ಅದಕ್ಕೆ ನಾಲ್ಕು ಬಿಗಿದಳು. ಆಮೇಲೆ ಅತ್ತಳು.

ಕಾಂಪೌಂಡರು ಹೇಳಿದ ದಿನಗಳು ಮುಗಿದವು. ನಾಯಿ ಬದುಕಿತ್ತು, ದಪ್ಪವಾಗಿತ್ತು. ಕದರಪ್ಪ ಹಗ್ಗ ಬಿಚ್ಚಿದ. ಅದು ಗುಡಿಸಿಲನ್ನು ಒಂದು ಸುತ್ತು ಹಾಕಿ ಬಂದು ಅಲ್ಲೇ ಮಲಗಿತು. ಮಾರನೆಯ ಬೆಳಗ್ಗೆ ಹೆಂಗಸರು ಗುಡ್ಡಕ್ಕೆ ಹೊರಟಾಗ ಅವರ ಮುಂದೆ ಮುಂದೆ ಓಡಿತು. ತಲೆಹೊರೆ ಹೊತ್ತವರನ್ನು ಕಂಡರೆ ಈಗ ಅದಕ್ಕೆ ಊಟದ ನೆನಪು.

ತೋಪು ಬಿಕೋ ಅನ್ನತೊಡಗಿತು. ಪಟೇಲರು ಒಂದು ಮಧ್ಯಾಹ್ನ ಹಟ್ಟಿಯ ಅಂಚಿಗೆ ಬಂದರು. ಒಳಗೆ ಕಾಲಿಡುವ ಹಾಗಿಲ್ಲ. ಅವರಿಗೆ ಮೈಲಿಗೆ. ಹಟ್ಟಿಗೂ ಅದು ಆಗದ ಕೆಲಸ. ದೊಡ್ಡ ಜಾತಿಯವರು ಹಟ್ಟಿಯೊಳಗೆ ಬಂದರೆ ಹಟ್ಟಿಗೆ ಕೇಡು ಅಂತ ಹಿಂದಿನಿಂದ ಬಂದ ಮಾತು. ಹಾಗೆ ಬಂದವರ ಹೆಜ್ಜೆಯ ಮೇಲೆ ಮುದುಕಿಯರು ಸಗಣಿ ನೀರು ಚೆಲ್ಲಿ ಶುದ್ಧ ಮಾಡುತ್ತಿದ್ದರು. ಇಬ್ಬರು ಮುದುಕಿಯರು ಆಗಲೇ ಸಗಣಿ ಕದಡಿದ ಮಡಕೆ ಹಿಡಿದು ನಿಂತಿದ್ದರು.

"ಹುಲಿಯಾ," ಅಂತ ಕರೆದರು ಪಟೇಲರು. "ಬಾ ಇಲ್ಲಿ."

ಹುಲಿಯ ಎಲುಬು ಕಡಿಯುತ್ತಿತ್ತು. ಕತ್ತರಿಸಿದ ಕಿವಿ ಒಂದು ಸಲ ಅಲುಗಿತು. ಮತ್ತೆ ಕಡಿಯತೊಡಗಿತು.

"ಅದು ನಿಮ್ದಾ ಬುದ್ಧಿ?" ಅಂತ ಒಳಗಿನಿಂದ ಕೇಳಿದಳು ಸಣ್ಣೀರಮ್ಮ. "ನಿಮ್ದಾದ್ರೆ ಹೇಳಿ, ಕಳಿಸ್ತೀವಿ. ನೀರು ಕಾಯ್ಸಿ ಇಟ್ಟಿವ್ನಿ."

ಪಟೇಲರು ಹಟ್ಟಿಯ ಕಡೆ ಉಗುಳಿ ಹೊರಟುಹೋದರು.

ಮರುದಿನ ಪಟೇಲರ ಅಳಿಯ ಕೊರಟಗೆರೆಯಿಂದ ಬಂದ. ವೃಷಭೇಂದ್ರಪ್ಪ. ಹೊಸ ಅಳಿಯ, ಹೊಸ ಲಾಯರು. ಗುಡ್ಡ ಹತ್ತಿ ಕೋಟೆ ನೋಡಬೇಕು ಅಂತ ಅವನಿಗೆ ಆಸೆ. ಬೂಟು, ಹ್ಯಾಟು, ಕುತ್ತಿಗೆಗೆ ದುರ್ಬೀನು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಅಷ್ಟು ಸಿಂಗಾರ ಮಾಡಿಕೊಂಡು ಆ ಗುಡ್ಡ ಹತ್ತಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

ಅರ್ಧ ಗುಡ್ಡದಲ್ಲಿ ಹೆಂಗಸರು ಹೊರೆ ಇಳಿಸಿ ಕೂತಿದ್ದರು. ದಾರಿಗೆ ಅಡ್ಡವಾಗಿ ಹುಲಿಯ ಮಲಗಿತ್ತು.

"ನಾಯೀನ ಅತ್ಲಾಗ್ ಕಳಿಸ್ರಮ್ಮ," ಅಂದ ಅಳಿಯ.

"ಸುತ್ತಿಕೊಂಡು ಹೋಗಿ ಸ್ವಾಮಿ. ಮಲಗಿದ್ದನ್ನ ಎಬ್ಬಿಸ್ಬೇಡಿ," ಅಂದಳು ಸಣ್ಣೀರಮ್ಮ. ಅದು ಒಳ್ಳೆಯ ಮಾತಾಗಿತ್ತು. ಅವನು ಕೋಲಿನಿಂದ ನಾಯಿಯ ಪಕ್ಕೆಗೆ ತಿವಿದ.

ಹುಲಿಯ ಎದ್ದು, ಬೂಟು ಬಿಟ್ಟು ಅದರ ಮೇಲಿನ ಕಾಲು ಹಿಡಿಯಿತು. ಸಣ್ಣೀರಮ್ಮ ಓಡಿ ಬಂದು ಅದರ ಕುತ್ತಿಗೆ ಹಿಡಿದು ಎಳೆದಳು. ಎಳೆಯುವ ಮೊದಲು ಎಲೆ ಅಡಿಕೆ ಹಾಕಿಕೊಳ್ಳಲಿಲ್ಲ.

ಸಂಜೆಯೊಳಗೆ ಕಟ್ಟೆ ತುಂಬಿತು. ಅಳಿಯ ಕಟ್ಟೆಯ ಮೇಲೆ, ಪ್ಯಾಂಟು ಮಡಿಸಿಕೊಂಡು, ಕಾಲು ಚಾಚಿಕೊಂಡು. ಹಲ್ಲು ನಾಟಿದ ಎರಡು ಗುರುತು, ಸ್ವಲ್ಪ ರಕ್ತ. ಪಕ್ಕದಲ್ಲಿ ಮಧುಗಿರಿಗೆ ಹೊರಡಲು ಕಮಾನು ಗಾಡಿ. ಹಟ್ಟಿಯವರನ್ನೆಲ್ಲ ಕರೆಸಿದ್ದರು. ಅವರು ದೂರದಲ್ಲಿ ನಿಂತಿದ್ದರು. ಹುಲಿಯ ಅವರ ನಡುವೆ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು.

ಪಟೇಲರ ಮುಖ ಕೆಂಡವಾಗಿತ್ತು. ಇಷ್ಟು ದಿನ ನುಂಗಿಕೊಂಡಿದ್ದ ಸಿಟ್ಟಿಗೆ ಈಗ ದಾರಿ ಸಿಕ್ಕಿತ್ತು.

"ಯಾರ್ಲಾ ಈ ನಾಯಿ ಒಡೆಯ?"

ಇಂಥ ಪ್ರಶ್ನೆಗೆ ಹಟ್ಟಿ ಯಾವತ್ತೂ ತಲೆ ತಗ್ಗಿಸುತ್ತಿತ್ತು. ಕದರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ನಾನು ಬುದ್ಧಿ," ಅಂದ. "ನಂದೇ ನಾಯಿ."

"ಒಪ್ಪಿಕೊಂಡ," ಅಂದ ಅಳಿಯ. "ಸಾಕೋರಿಗೆ ಜವಾಬ್ದಾರಿ ಇರ್ಬೇಕು ಮಾವ. ನಾಯಿ ಕಚ್ಚಿದ್ರೆ ಒಡೆಯನೇ ಹೊಣೆ. ಕಾಯ್ದೇನೂ ಅದೇ ಹೇಳೋದು. ನಿಮ್ಮೂರಲ್ಲಿ ಪದ್ಧತಿ ಏನು?"

ಅಳಿಯನ ಮುಂದೆ ಊರಿನ ಪದ್ಧತಿ ಹೇಳುವುದೆಂದರೆ ಪಟೇಲರಿಗೆ ಹಿಗ್ಗು. ಬೆನ್ನು ನೆಟ್ಟಗೆ ಮಾಡಿಕೊಂಡರು. ಎಷ್ಟೋ ಸಲ ಹೇಳಿ ಬಾಯಿಪಾಠವಾದ ಮಾತು, ಯೋಚಿಸದೆ ಹೊರಗೆ ಬಂತು. "ನಮ್ಮೂರಲ್ಲಿ ಕಟ್ಟುನಿಟ್ಟು ಅಳಿಯಂದ್ರೆ. ಪ್ರಾಣಿ ಯಾರ್ದೋ ಅವನೇ ಊರ ಮುಂದೆ ತನ್ನ ಕೈಯಾರೆ ಗಾಯ ತೊಳೀಬೇಕು. ಅರಿಸಿನ ಹಚ್ಬೇಕು. ಯಾರಾದ್ರೂ ಸರಿಯೆ, ಬಿಡೋ ಮಾತೇ ಇಲ್ಲ. ಲೇ ಕದರ, ಸಾರ್ಲಾ."

ಕದರಪ್ಪ ಒಂದು ಕ್ಷಣ ಅವರ ಮುಖ ನೋಡಿದ. ಆಮೇಲೆ ತಮಟೆ ತೆಗೆದುಕೊಂಡ. ಮೇಲಿನ ಬೀದಿ, ಕೆಳಗಿನ ಬೀದಿ, ಹಟ್ಟಿ. "ಕೇಳ್ರಪ್ಪೋ ಕೇಳ್ರಿ. ಪ್ರಾಣಿ ಯಾರ್ದೋ ಅವನೇ ಕೈಯಾರೆ ಗಾಯ ತೊಳೀಬೇಕು. ಯಾರಾದ್ರೂ ಸರಿಯೆ." ಒಂದು ಮಾತೂ ಬಿಡದೆ ಸಾರಿ ಬಂದ. ಬರುವಷ್ಟರಲ್ಲಿ ಸಣ್ಣೀರಮ್ಮ ಹಟ್ಟಿಯಿಂದ ಬಿಸಿನೀರಿನ ಮಡಕೆ ತಂದು ನಿಂತಿದ್ದಳು.

ಕದರಪ್ಪ ಮಡಕೆ ಎತ್ತಿಕೊಂಡ. ಕಟ್ಟೆಯ ಕಡೆ ನಡೆದ.

"ಸಾರಿ ಬಂದೆ ಬುದ್ಧಿ. ಈಗ ತೊಳೀಲಾ?"

ಆಗ ಊರಿಗೆ ಅರ್ಥವಾಯಿತು. ಪಟೇಲರಿಗೂ ಅರ್ಥವಾಯಿತು. ಅಳಿಯ ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ಲೇ, ಲೇ, ಅಲ್ಲೇ ನಿಂತ್ಕೊಳ್ಳೋ," ಅಂದರು ಪಟೇಲರು.

"ನಂದೇ ನಾಯಿ ಬುದ್ಧಿ. ತಪ್ಪಾಗೈತೆ. ಚೆನ್ನಾಗಿ ಉಜ್ಜಿ ತೊಳೀತೀನಿ." ಇನ್ನೊಂದು ಹೆಜ್ಜೆ ಇಟ್ಟ.

"ಮುಟ್ಟೀಯ ಜೋಕೆ."

"ಪದ್ಧತಿ ಪದ್ಧತೀನೇ ಪಟೇಲ್ರೆ," ಅಂತ ಮೂಲೆಯಿಂದ ದನಿ ಬಂತು. ಚಿಕ್ಕರಂಗಯ್ಯ. "ಕಾರ್ತೀಕದಾಗೆ ನಾನು ತೊಳೀಲಿಲ್ವಾ? ಈಗಷ್ಟೇ ಸಾರ್ಸಿದ್ರಿ. ತೊಳೀಲಿ ಬುಡಿ ಪಾಪ."

"ಅದು ಇವನ ನಾಯಿ ಅಲ್ಲ ಕಣಯ್ಯ."

"ಮತ್ಯಾರ್ದು?"

ಪಟೇಲರು ಅಳಿಯನನ್ನು ನೋಡಿದರು. ಮಡಕೆಯನ್ನು ನೋಡಿದರು. ಅದರಿಂದ ಹಬೆ ಏಳುತ್ತಿತ್ತು. ಮಡಕೆ ಹಿಡಿದ ಕೈ ನೋಡಿದರು. ಸತ್ತ ಎತ್ತು ಎಳೆದ ಕೈ, ಚರ್ಮ ಸುಲಿದ ಕೈ. ಕದರಪ್ಪ ಇನ್ನೊಂದು ಹೆಜ್ಜೆ ಇಟ್ಟ. ಈಗ ಅವನು ಕಟ್ಟೆಯ ಕಲ್ಲು ಮುಟ್ಟುವಷ್ಟು ಹತ್ತಿರ ಇದ್ದ. ಅಷ್ಟು ಹತ್ತಿರಕ್ಕೆ ಅವನ ಅಪ್ಪನೂ ಬಂದಿರಲಿಲ್ಲ.

"ನಂದು," ಅಂದರು ಪಟೇಲರು. ಬಹಳ ಮೆಲ್ಲಗೆ ಅಂದರು.

ಪಟೇಲರು ಮೆಲ್ಲಗೆ ಹೇಳಿದ್ದನ್ನು ಗಟ್ಟಿಯಾಗಿ ಹೇಳುವುದು ಕದರಪ್ಪನ ಕೆಲಸ. ಅವನು ಮಡಕೆ ಕೆಳಗಿಟ್ಟ. ತಮಟೆ ಎತ್ತಿಕೊಂಡ. ಸಾರು ಅಂತ ಯಾರೂ ಹೇಳಿರಲಿಲ್ಲ.

"ಕೇಳ್ರಪ್ಪೋ ಕೇಳ್ರಿ. ಹುಲಿಯ ಪಟೇಲರ ನಾಯಿ. ಪಟೇಲರೇ ಒಪ್ಪವ್ರೆ. ಅದು ಕಚ್ಚಿದ್ದೆಲ್ಲ ಪಟೇಲರದೇ."

ಅಳಿಯನ ಗಾಯವನ್ನು ಪಟೇಲರು ತೊಳೆದರು. ಅದೇನೂ ಕಷ್ಟವಲ್ಲ. ಮದುವೆಯಲ್ಲಿ ಒಮ್ಮೆ ತೊಳೆದಿದ್ದ ಕಾಲೇ. ಅರಿಸಿನ ಹಚ್ಚಿ ಕೈ ಒರಸಿಕೊಂಡು ತಲೆ ಎತ್ತಿದರೆ ಎದುರಿಗೆ ಸಣ್ಣೀರಮ್ಮ. ಎಡಗಾಲನ್ನು ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಇಟ್ಟಿದ್ದಳು. ಅವಳ ಹಿಂದೆ ಹಟ್ಟಿಯ ಹೆಂಗಸರೆಲ್ಲ, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಾಲಾಗಿ ನಿಂತಿದ್ದರು. ಹೊಸ ಗುರುತು, ಹಳೆಯ ಗುರುತು, ಮಾಸಿದ ಗುರುತು.

"ಅದೇ ನಾಯಿ ಬುದ್ಧಿ," ಅಂದಳು. "ಅದೇ ಹಲ್ಲು."

"ನಿನ್ ಗಾಯ ಒಣಗೈತಲ್ಲೇ."

"ಒಣಗೋ ತನಕ ನೀವು ಬರ್ಲಿಲ್ಲವಲ್ಲ."

ಪಟೇಲರು ಸುತ್ತ ನೋಡಿದರು. ಯಾರೂ ನಗುತ್ತಿರಲಿಲ್ಲ. ಅದೇ ಕಷ್ಟವಾದದ್ದು. ನಕ್ಕಿದ್ದರೆ ಬೈಯಬಹುದಿತ್ತು. ಅಳಿಯ ಕರವಸ್ತ್ರದಿಂದ ಕಾಲು ಸುತ್ತಿಕೊಳ್ಳುತ್ತಾ ಹೇಳಿದ. "ಬೇಗ ಮುಗಿಸಿ ಮಾವ. ಆಸ್ಪತ್ರೆ ಮುಚ್ಚಿಬಿಡ್ತಾರೆ. ಈಗ ಈ ಮುಟ್ಟೋದು ಬಿಡೋದಕ್ಕೆಲ್ಲ ಕಾಯ್ದೆ ಬೇರೆ ಬಂದಿದೆ. ನಾನು ಲಾಯರು, ನನ್ನ ಎದುರಿಗೇ ಬೇಡ."

ಪಟೇಲರು ಮಡಕೆ ಎತ್ತಿದರು. ಎತ್ತರದಿಂದ ನೀರು ಸುರಿದರು. ಹಟ್ಟಿಯವರ ಬೊಗಸೆಗೆ ಕುಡಿಯಲು ನೀರು ಸುರಿಯುವಾಗ ಎಷ್ಟು ಎತ್ತರವೋ ಅಷ್ಟೇ ಎತ್ತರ. ಸಣ್ಣೀರಮ್ಮ ಕಾಲು ಹಿಂದಕ್ಕೆ ತೆಗೆದಳು. ನೀರು ಕಲ್ಲಿನ ಮೇಲೆ ಬಿತ್ತು.

"ಅದು ಕುಡ್ಸೋ ಪದ್ಧತಿ ಬುದ್ಧಿ. ತೊಳೆಯೋ ಪದ್ಧತಿ ಬ್ಯಾರೆ."

ಮತ್ತೆ ಕಾಲಿಟ್ಟಳು. ಪಟೇಲರು ಮಂಡಿ ಬಗ್ಗಿಸಿದರು. ಎರಡು ಬೆರಳು ಮುಂದೆ ಬಂದವು. ಗಾಯದ ಅಂಚಿಗೆ ತಾಗಿದವು. ಬೆಂಕಿ ತಾಗಿದ ಹಾಗೆ ಹಿಂದಕ್ಕೆ ಹೋದವು.

"ಇನ್ನೂ ಉಜ್ಜಿ ಪಟೇಲ್ರೆ," ಅಂದ ಚಿಕ್ಕರಂಗಯ್ಯ.

ಪಟೇಲರು ಎದ್ದರು. ಮುಖದಲ್ಲಿ ರಕ್ತವಿರಲಿಲ್ಲ. "ನಾಳೆಯಿಂದ ನೀನು ಈ ಊರಿನ ತೋಟಿ ಅಲ್ಲ ಕಣ್ಲಾ," ಅಂದರು ಕದರಪ್ಪನಿಗೆ. "ಕಣದಲ್ಲಿ ಒಂದು ಕಾಳೂ ಹುಟ್ಟಲ್ಲ ನಿಂಗೆ. ತಮಟೆ ಇಟ್ಟು ಹೋಗು."

ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಕಾಳೇ ಕದರಪ್ಪನ ವರ್ಷದ ಅನ್ನ. ಆದರೂ ತಮಟೆ ಇಡಲಿಲ್ಲ.

"ಕೆಲಸ ನಿಮ್ದು ಬುದ್ಧಿ, ತಗೊಳ್ಳಿ," ಅಂದ. "ತಮಟೆ ನಂದು. ಚರ್ಮ ನಾನು ಹದ ಮಾಡಿದ್ದು."

"ಮಿಕ್ಕೋರು ನಾಳೆ ಬರ್ತೀವಿ ಬುದ್ಧಿ," ಅಂದಳು ಸಾಲಿನ ಎರಡನೆಯವಳು. "ದಿನಕ್ಕೊಬ್ಬರು."

ಪಟೇಲರು ಸ್ನಾನಕ್ಕೆ ಹೋದರು. ಬಾವಿಯ ರಾಟೆ ಬಹಳ ಹೊತ್ತು ಕಿರುಚಿತು. ಕತ್ತಲಾಗುವ ಮೊದಲೇ ಅವರ ಆಳು ಕಬ್ಬಿಣದ ಸರಪಳಿ ತಂದು ಹುಲಿಯನನ್ನು ತೋಪಿನೊಳಗೆ ಬಿಗಿಯಾಗಿ ಕಟ್ಟಿದ. ಹುಲಿಯ ಹಟ್ಟಿಯ ಕಡೆ ಮುಖ ಮಾಡಿ ಕುಂಯ್‌ಗುಟ್ಟಿತು. ಗುಡ್ಡದ ದಾರಿಯಲ್ಲಿ ಇನ್ನು ನಾಯಿ ಇಲ್ಲ.

ಹಟ್ಟಿಯ ಬಾಯಲ್ಲಿ ಮುದುಕಿಯರು ಸಗಣಿ ನೀರು ಹಿಡಿದು ಕಾದಿದ್ದರು. ಸಣ್ಣೀರಮ್ಮನ ಎಡಗಾಲಿನ ಮೇಲೆ ಸುರಿದರು. ಅವಳು ಗುಡಿಸಿಲಿಗೆ ಬಂದು ಸೆರಗು ಬಿಗಿದು ಕಟ್ಟಿಕೊಂಡಳು.

"ಏನ್ ನೋಡ್ತಾ ನಿಂತಿದ್ದೀಯ? ನೀರು ಕಾಯ್ಸು. ಪಟೇಲ್ರು ಮುಟ್ಟವ್ರೆ. ಮೈ ತೊಳ್ಕೊಳ್ದೆ ನಾನು ಒಲೆ ಹತ್ರ ಬರಾಕಿಲ್ಲ."

ಕದರಪ್ಪ ಒಲೆಗೆ ಗುಡ್ಡದ ಸೌದೆ ತುರುಕಿದ. ನೀರು ಕಾಯಿತು. ತಡಿಕೆಯ ಹಿಂದೆ ಅವಳು ತಲೆಯ ಮೇಲೆ ಚೊಂಬು ಚೊಂಬು ಸುರಿದುಕೊಳ್ಳುವ ಸದ್ದು ಕೇಳುತ್ತಾ ಅವನು ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದ. ತಮಟೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿದ. ಚರ್ಮ ಬಿಗಿಯಾಯಿತು. ಹೊರಗೆ ಹೋಗಿ, ಊರಿಗೆ ಕಾಣುವ ಬಂಡೆಯ ಮೇಲೆ ಹತ್ತಿ ನಿಂತ.

"ಎಲ್ಲಿಗೆ ಹೊಂಟೆ?" ಅಂತ ಒಳಗಿನಿಂದ ಕೇಳಿದಳು.

ಕದರಪ್ಪನಿಗೆ ಸಾರುವುದಿತ್ತು.

"ಕೇಳ್ರಪ್ಪೋ ಕೇಳ್ರಿ," ಅಂತ ಶುರು ಮಾಡಿದ. "ಪಟೇಲ್ರು ಮುಟ್ಟಿದ್ದಕ್ಕೆ ಸಣ್ಣೀರಮ್ಮ ಮೈಲಿಗೆ ಕಳ್ಕೊಂತಾವ್ಳೆ."